ನಂಬಿಕೆ ಹೋದ ಮೇಲೂ ಹಾಡುವ ಗಂಟಲು

ಒಬ್ಬ ತರುಣ ಇಪ್ಪತ್ತನೆಯ ವಯಸ್ಸಿನಲ್ಲಿ ನಾಲ್ಕು ಜನರ ಮುಂದೆ ನಿಂತು, ‘ನಾನು ಇದನ್ನು ನಂಬುತ್ತೇನೆ, ಹೀಗೆ ಬದುಕುತ್ತೇನೆ’ ಎಂದು ಸಾರುತ್ತಾನೆ. ಜನ ಅವನನ್ನು ನಂಬುತ್ತಾರೆ. ಕಾಸು ಕೊಟ್ಟು ಅವನ ಮಾತು ಕೇಳುತ್ತಾರೆ. ಕ್ರಮೇಣ ಆ ಮಾತೇ ಅವನ ಕಸುಬಾಗುತ್ತದೆ. ಮೂವತ್ತು ದಾಟುವ ಹೊತ್ತಿಗೆ ಅವನೊಳಗೆ ಆ ನಂಬಿಕೆ ಉಳಿದಿರುವುದಿಲ್ಲ. ಆದರೆ ಮನೆಯ ಒಲೆ ಮಾತ್ರ ಅದೇ ಮಾತಿನಿಂದ ಉರಿಯುತ್ತಿರುತ್ತದೆ. ಆಗ ಅವನು ಏನು ಮಾಡಬೇಕು?

ಈ ಪ್ರಶ್ನೆಯನ್ನು ಮೌಲವಿಗೂ ಕೇಳಬಹುದು, ಪುರೋಹಿತನಿಗೂ ಕೇಳಬಹುದು, ಕ್ರಾಂತಿಯ ಬಗ್ಗೆ ಭಾಷಣ ಮಾಡುವ ಸಂಗಾತಿಗೂ ಕೇಳಬಹುದು. ನಾನು ಇಲ್ಲಿ ಕೇಳುತ್ತಿರುವುದು ಅಮೆರಿಕದ ಒಂದು ಅಬ್ಬರದ ಸಂಗೀತದ ನೆಪದಲ್ಲಿ. ಮೆಟಲ್‌ಕೋರ್ ಎಂಬುದು ಅದರ ಹೆಸರು. ಸಂಗೀತವೇ ಬೇಡವೆನ್ನುವ ಹಿರಿಯರು ನಮ್ಮಲ್ಲಿದ್ದಾರೆ. ಸಂಗೀತ ಬೇಕು, ಆದರೆ ಈ ಕಿರುಚಾಟ ಬೇಡ ಎನ್ನುವವರು ಅವರಿಗಿಂತ ಹೆಚ್ಚು. ಆದರೂ ಈ ಬಳಗದ ಸದ್ದು ನಮ್ಮೂರಿಗೆ ಹೊಸದೇನೂ ಅಲ್ಲ. 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬೆಂಗಳೂರಿನ ಅರಮನೆ ಮೈದಾನದಲ್ಲಿ ಬಂದು ಹಾಡಿಹೋದರು. ಅವರದ್ದು ಹೆವಿ ಮೆಟಲ್. ಮೆಟಲ್‌ಕೋರ್ ಅದರ ಕಿರಿಯ ಸೋದರ. ಮನೆಯ ಹುಡುಗರು ಕಿವಿಗೆ ಸಿಕ್ಕಿಸಿಕೊಂಡ ತಂತಿಯೊಳಗೆ ಏನು ಹರಿಯುತ್ತಿದೆ ಎಂದು ತಿಳಿದಿರುವುದು ಒಳ್ಳೆಯದೇ.

ಈ ಸಂಗೀತಕ್ಕೆ ಎರಡು ಕುಲ. ಒಂದು ಕಡೆ ಹೆವಿ ಮೆಟಲ್‌ನ ಭಾರವಾದ, ಪಳಗಿದ ಗಿಟಾರು. ಇನ್ನೊಂದು ಕಡೆ 1980ರ ಸುಮಾರಿಗೆ ಅಮೆರಿಕದ ನಗರಗಳಲ್ಲಿ ಹುಟ್ಟಿದ ಹಾರ್ಡ್‌ಕೋರ್ ಪಂಕ್‌ನ ಸಿಟ್ಟು. ಇವೆರಡೂ ಬೆರೆತು 1990ರ ದಶಕದಲ್ಲಿ ಒಂದು ಹೊಸ ರೂಪ ಪಡೆದವು. ಹಾಡುಗಾರ ಒಂದು ಚರಣವನ್ನು ಗಂಟಲು ಹರಿಯುವಂತೆ ಅರಚುತ್ತಾನೆ; ಪಲ್ಲವಿ ಬಂದಾಗ ಹಲವು ಬ್ಯಾಂಡ್‌ಗಳಲ್ಲಿ ರಾಗವಾಗಿ, ಬಹುತೇಕ ಪ್ರಾರ್ಥನೆಯ ಹಾಗೆ ಹಾಡಲಾಗುತ್ತದೆ. ನಡುವೆ ಲಯ ಇದ್ದಕ್ಕಿದ್ದಂತೆ ನಿಧಾನವಾಗಿ, ಗಿಟಾರು, ಡ್ರಮ್ಸ್ ಒಟ್ಟಿಗೇ ಸುತ್ತಿಗೆಯಂತೆ ಬೀಳುತ್ತವೆ. ಅದನ್ನು ಬ್ರೇಕ್‌ಡೌನ್ ಎನ್ನುತ್ತಾರೆ. ಆಗ ನೆರೆದವರೆಲ್ಲ ಕುಣಿಯುತ್ತಾರೆ, ಒಬ್ಬರ ಮೇಲೊಬ್ಬರು ಬೀಳುತ್ತಾರೆ, ಬಿದ್ದವನನ್ನು ಎತ್ತಿ ನಿಲ್ಲಿಸುತ್ತಾರೆ.

ಇದರ ಪಂಕ್ ಕುಲದಿಂದ ಬಂದ ಒಂದು ಗುಣವನ್ನು ನಾವು ವಿಶೇಷವಾಗಿ ಗಮನಿಸಬೇಕು. ಹಾರ್ಡ್‌ಕೋರ್‌ನಲ್ಲಿ ವೇದಿಕೆಗೂ ನೆಲಕ್ಕೂ ನಡುವೆ ಗೋಡೆ ಇರಬಾರದು ಎಂಬ ಹಟವಿತ್ತು. ಹಾಡುಗಾರ ಮೈಕನ್ನು ಕೇಳುಗರ ಕಡೆಗೆ ಚಾಚುತ್ತಾನೆ, ಅವರು ಮುಗಿಬಿದ್ದು ಅದರಲ್ಲಿ ಕೂಗುತ್ತಾರೆ. ‘ನಾನು ನಟನಲ್ಲ, ನಿಮ್ಮಲ್ಲೊಬ್ಬ, ಈ ಮಾತು ನನ್ನ ಎದೆಯದು’ ಎಂಬುದು ಅದರ ಅರ್ಥ.

ಆ ಮಾತು ಹಲವೊಮ್ಮೆ ಒಂದು ಪ್ರತಿಜ್ಞೆಯೇ ಆಗಿರುತ್ತಿತ್ತು. 1981ರಲ್ಲಿ ವಾಷಿಂಗ್ಟನ್ ನಗರದ ಮೈನರ್ ಥ್ರೆಟ್ ಎಂಬ ಬ್ಯಾಂಡ್ ಒಂದು ನಿಮಿಷಕ್ಕೂ ಕಡಿಮೆ ಅವಧಿಯ ಒಂದು ಹಾಡನ್ನು ಹೊರತಂದಿತು. ಇಯಾನ್ ಮೆಕ್ಕೇ ಎಂಬ ಹುಡುಗ ಅದರ ಹಾಡುಗಾರ. ಅಮಲು ಬೇಡ ಎಂಬ ಆ ಹಾಡಿನ ಹೆಸರೇ, ‘ಸ್ಟ್ರೈಟ್ ಎಡ್ಜ್’ ಎಂಬುದೇ, ಒಂದು ಪಂಥದ ಹೆಸರಾಯಿತು. ಹೆಂಡ ಮಾರುವ ಕ್ಲಬ್ಬುಗಳಲ್ಲಿ ವಯಸ್ಸಿಗೆ ಬಾರದ ಹುಡುಗರ ಕೈ ಮೇಲೆ ಶಾಯಿಯಿಂದ ‘ಎಕ್ಸ್’ ಗುರುತು ಹಾಕುತ್ತಿದ್ದರು, ಅವರಿಗೆ ಹೆಂಡ ಕೊಡಬಾರದೆಂದು. ಹುಡುಗರು ಅದೇ ಗುರುತನ್ನು ಹೆಮ್ಮೆಯಿಂದ ತಾವೇ ಹಾಕಿಕೊಳ್ಳತೊಡಗಿದರು. ಅವಮಾನದ ಗುರುತು ವ್ರತದ ಗುರುತಾಯಿತು. ಸಿರಾಕ್ಯೂಸ್ ನಗರದ ಅರ್ಥ್ ಕ್ರೈಸಿಸ್ ಬ್ಯಾಂಡ್ ಇದನ್ನು ಇನ್ನೂ ಮುಂದೆ ಒಯ್ದಿತು. ಮದ್ಯ, ತಂಬಾಕು, ಮಾದಕ ವಸ್ತು ಯಾವುದೂ ಇಲ್ಲ. ಮಾಂಸವೂ ಇಲ್ಲ, ಹಾಲು ಮೊಟ್ಟೆಯೂ ಇಲ್ಲ. 1995ರಲ್ಲಿ ಬಂದ ಅವರ ‘ಡಿಸ್ಟ್ರಾಯ್ ದ ಮೆಷೀನ್ಸ್’ ಆಲ್ಬಮ್ ಮೆಟಲ್‌ಕೋರ್‌ನ ಆರಂಭದ ಮೈಲಿಗಲ್ಲುಗಳಲ್ಲಿ ಒಂದು.

ಎರಡನೆಯ ಪ್ರತಿಜ್ಞೆ ಧರ್ಮದ್ದು. 1993ರಲ್ಲಿ ಆರಂಭವಾದ ಟೂತ್ ಅಂಡ್ ನೇಲ್ ಎಂಬ ಧ್ವನಿಮುದ್ರಣ ಸಂಸ್ಥೆ ಕ್ರೈಸ್ತ ಹುಡುಗರ ಬ್ಯಾಂಡ್‌ಗಳನ್ನು ಬೆಳೆಸಿತು. ಭಾರೀ ಸದ್ದಿನ ಬ್ಯಾಂಡ್‌ಗಳಿಗೆಂದೇ 1997ರಲ್ಲಿ ಸಾಲಿಡ್ ಸ್ಟೇಟ್ ಎಂಬ ಶಾಖೆ ತೆರೆಯಿತು. ವೆಸ್ಟ್ ವರ್ಜೀನಿಯಾದ ಜಾಓ, ಫ್ಲಾರಿಡಾದ ಅಂಡರ್‌ಓತ್ ಮುಂತಾದವರು ಈ ದಾರಿಯಲ್ಲಿ ಬಂದವರು. ಎಲ್ಲ ಬ್ಯಾಂಡ್‌ಗಳೂ ಪ್ರತಿಜ್ಞೆಯಿಂದ ಹುಟ್ಟಿದವು ಎಂದಲ್ಲ. ಕಾನ್ವರ್ಜ್‌ನಂಥವರು 2001ರ ‘ಜೇನ್ ಡೋ’ ಆಲ್ಬಮಿನಲ್ಲಿ ಮುರಿದುಬಿದ್ದ ಒಂದು ಸಂಬಂಧದ ನೋವನ್ನೇ ಹಾಡಿದರು. ಆದರೆ ಪ್ರತಿಜ್ಞೆಯ ಬ್ಯಾಂಡ್‌ಗಳಿಗೆ ಒಂದು ದೊಡ್ಡ ಅನುಕೂಲವಿತ್ತು. ಕ್ರೈಸ್ತ ಪುಸ್ತಕದಂಗಡಿಗಳಲ್ಲಿ ಅವರ ಸಿ.ಡಿ.ಗಳು ಮಾರಾಟವಾಗುತ್ತಿದ್ದವು. ಚರ್ಚಿನ ಸಭಾಂಗಣಗಳು ಅವರಿಗೆ ತೆರೆದಿದ್ದವು. ‘ಅವರು ನಮ್ಮವರು’ ಎಂದು ತಂದೆತಾಯಿಯರು ಮಕ್ಕಳನ್ನು ಧೈರ್ಯವಾಗಿ ಕಳಿಸುತ್ತಿದ್ದರು. ಹೀಗೆ ನಂಬಿಕೆ ಮತ್ತು ಮಾರುಕಟ್ಟೆ ಒಂದೇ ವ್ಯಾನಿನಲ್ಲಿ ಪ್ರಯಾಣ ಹೊರಟವು.

ವ್ಯಾನು ಎಂದದ್ದು ಬರೀ ಮಾತಿಗಲ್ಲ. ಇಂಥ ಬ್ಯಾಂಡಿನ ಬದುಕೆಂದರೆ ವರ್ಷದ ಬಹುಭಾಗ ಐದಾರು ಜನ ಒಂದು ವ್ಯಾನಿನಲ್ಲಿ ಊರಿಂದೂರಿಗೆ ಸುತ್ತುವುದು, ಹಾಡಿದ ಮೇಲೆ ಬಾಗಿಲ ಬಳಿ ಟೀ ಶರ್ಟು ಮಾರುವುದು. ಅಂತರ್ಜಾಲ ಬಂದು ಸಿ.ಡಿ. ಮಾರಾಟ ಕುಸಿದ ಮೇಲಂತೂ ಅನ್ನ ಬರುವುದು ಸುತ್ತಾಟದಿಂದ ಮತ್ತು ಶರ್ಟಿನಿಂದ. ಅವರಲ್ಲಿ ಒಬ್ಬನ ನಂಬಿಕೆ ಸಡಿಲವಾದರೆ ಅದು ಅವನೊಬ್ಬನ ಆತ್ಮದ ವಿಷಯವಾಗಿ ಉಳಿಯುವುದಿಲ್ಲ. ಐದು ಮನೆಗಳ ಬಾಡಿಗೆಯ ವಿಷಯವಾಗುತ್ತದೆ.

ಈ ಇಕ್ಕಟ್ಟು ಎಲ್ಲಿಗೆ ಮುಟ್ಟಬಹುದೆಂಬುದಕ್ಕೆ ಸ್ಯಾನ್ ಡಿಯೇಗೋ ನಗರದ ಆಸ್ ಐ ಲೇ ಡೈಯಿಂಗ್ ಬ್ಯಾಂಡಿನ ಕಥೆ ನೋಡಬೇಕು. ಫಾಕ್ನರ್‌ನ ಕಾದಂಬರಿಯೊಂದರ ಹೆಸರನ್ನೇ ಇಟ್ಟುಕೊಂಡ ಈ ಬ್ಯಾಂಡನ್ನು 2000ದಲ್ಲಿ ಟಿಮ್ ಲ್ಯಾಂಬೆಸಿಸ್ ಎಂಬ ಹಾಡುಗಾರ ಕಟ್ಟಿದ. ಕ್ರೈಸ್ತರ ಬ್ಯಾಂಡ್ ಎಂದೇ ಜನ ಅದನ್ನು ಕಂಡರು. 2007ರಲ್ಲಿ ಬಂದ ‘ಆನ್ ಓಷನ್ ಬಿಟ್ವೀನ್ ಅಸ್’ ಆಲ್ಬಮ್ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ವಾರವೇ ಎಂಟನೆಯ ಸ್ಥಾನಕ್ಕೆ ಏರಿತು. ಅದರ ಒಂದು ಹಾಡು ಗ್ರ್ಯಾಮಿ ಪ್ರಶಸ್ತಿಗೆ ನಾಮಕರಣಗೊಂಡಿತು. ಇಂಥ ಕರ್ಕಶ ಸಂಗೀತಕ್ಕೆ ಅದು ಸಣ್ಣ ಮಾತಲ್ಲ.

2013ರ ಮೇ ತಿಂಗಳಲ್ಲಿ ಪೊಲೀಸರು ಈ ಹಾಡುಗಾರನನ್ನು ಬಂಧಿಸಿದರು. ವಿಚ್ಛೇದನಕ್ಕೆ ಮುಂದಾಗಿದ್ದ ಹೆಂಡತಿಯನ್ನು ಕೊಲ್ಲಿಸಲು ಅವನು ಬಾಡಿಗೆ ಕೊಲೆಗಾರನನ್ನು ಹುಡುಕಿದ್ದ. ಕೊಲೆಗಾರನೆಂದು ತಿಳಿದು ಅವನು ಹಣದ ಲಕೋಟೆ ಕೊಟ್ಟಿದ್ದು ವೇಷ ಮರೆಸಿಕೊಂಡಿದ್ದ ಪೊಲೀಸಿನವನಿಗೆ. ಹೀಗಾಗಿ ಆಕೆ ಉಳಿದಳು. 2014ರ ಫೆಬ್ರವರಿಯಲ್ಲಿ ಅವನು ತಪ್ಪೊಪ್ಪಿಕೊಂಡ. ಮೇ ತಿಂಗಳಲ್ಲಿ ಆರು ವರ್ಷಗಳ ಶಿಕ್ಷೆಯಾಯಿತು.

ಅದೇ 2014ರಲ್ಲಿ ಅವನು ಒಂದು ಸಂಗೀತ ಪತ್ರಿಕೆಗೆ ದೀರ್ಘ ಸಂದರ್ಶನ ಕೊಟ್ಟ. ಧರ್ಮಗಳ ಕುರಿತು ಓದುತ್ತ ಓದುತ್ತ ತನ್ನ ನಂಬಿಕೆ ಹೊರಟುಹೋಯಿತೆಂದೂ, ಅದಾದ ಮೇಲೂ ಬ್ಯಾಂಡು ಕ್ರೈಸ್ತ ಕೇಳುಗರ ನಡುವೆ ಹಾಗೆಯೇ ನಡೆಯಿತೆಂದೂ ಹೇಳಿದ. ತಮ್ಮ ಜೊತೆ ಊರೂರು ಸುತ್ತಿದ ಕ್ರೈಸ್ತ ಬ್ಯಾಂಡ್‌ಗಳಲ್ಲಿ ನಿಜವಾಗಿ ಕ್ರೈಸ್ತರಾಗಿದ್ದವು ಹತ್ತರಲ್ಲಿ ಒಂದಿರಬಹುದು ಎಂದೂ ಅಂದ. ಇದು ಒಬ್ಬ ಅಪರಾಧಿಯ ಅಂದಾಜು. ಇದನ್ನು ಜನಗಣತಿಯೆಂದು ತಿಳಿಯಬೇಕಾಗಿಲ್ಲ. ತಾನೊಬ್ಬನೇ ಕೆಟ್ಟವನಲ್ಲ ಎಂದು ಹೇಳಿಕೊಳ್ಳುವ ಆಸೆ ಯಾವ ಅಪರಾಧಿಗೂ ಇರುತ್ತದೆ. ಆದರೂ ಆ ಮಾತು ಸಾವಿರಾರು ಎಳೆಯ ಕೇಳುಗರ ಎದೆಗೆ ಬಿತ್ತು. ಯಾರ ಹಾಡು ಕೇಳಿ ಪ್ರಾರ್ಥನೆಗೆ ಕೂತೆವೋ ಅವನೇ ಪ್ರಾರ್ಥಿಸುತ್ತಿರಲಿಲ್ಲವೇ?

ಇಲ್ಲಿ ಎರಡು ಅಪರಾಧಗಳು ಬೆರೆತುಹೋಗುವ ಅಪಾಯವಿದೆ. ನಂಬಿಕೆ ಹೋದದ್ದರಿಂದಲೇ ಅವನು ಕೊಲೆಗೆ ಕೈ ಹಾಕಿದ ಎಂದು ತೀರ್ಪು ಕೊಡುವುದು ಧಾರ್ಮಿಕರಿಗೆ ಸುಲಭ. ಅದು ಅನ್ಯಾಯದ ಮಾತು. ದೇವರನ್ನು ನಂಬದ ಲಕ್ಷಾಂತರ ಜನ ಹೆಂಡತಿ ಮಕ್ಕಳೊಂದಿಗೆ ಮರ್ಯಾದೆಯಿಂದ ಬದುಕಿದ್ದಾರೆ. ನಂಬಿದವರು ಮಾಡಿದ ಕೊಲೆಗಳ ಲೆಕ್ಕವೂ ಚಿಕ್ಕದಲ್ಲ. ಹಾಗಾಗಿ ಕೊಲೆಯ ಸಂಚನ್ನು ಸ್ವಲ್ಪ ಹೊತ್ತು ಬದಿಗಿಟ್ಟು ಮೊದಲಿನ ಪ್ರಶ್ನೆಯನ್ನೇ ನೋಡೋಣ. ನಂಬದ್ದನ್ನು ಹಾಡುವುದು ಸುಳ್ಳೇ?

ಉರ್ದು ಕಾವ್ಯ ಓದಿದವರಿಗೆ ರಿಯಾಜ್ ಖೈರಾಬಾದಿ ಗೊತ್ತು. ಮದಿರೆಯ ಕವಿಯೆಂದೇ ಅವರು ಪ್ರಸಿದ್ಧರು, ಆದರೆ ಬದುಕಿನಲ್ಲಿ ಮದಿರೆ ಮುಟ್ಟಿದವರಲ್ಲ. ಅವರನ್ನು ಯಾರೂ ಸುಳ್ಳುಗಾರ ಎನ್ನಲಿಲ್ಲ. ಗಜಲಿನಲ್ಲಿ ಕುಡಿಯುವವನು ಗಜಲಿನ ನಾಯಕ, ಕವಿಯಲ್ಲ ಎಂಬ ಒಪ್ಪಂದ ಕೇಳುಗನಿಗೂ ಕವಿಗೂ ನಡುವೆ ಮೊದಲೇ ಆಗಿರುತ್ತದೆ. ಕಥೆ ಬರೆಯುವ ನನ್ನಂಥವರು ಬದುಕಿರುವುದೇ ಆ ಒಪ್ಪಂದದ ನೆರಳಿನಲ್ಲಿ. ಕಥೆಯೊಳಗಿನ ‘ನಾನು’ ಕಳ್ಳನಾಗಿರಬಹುದು. ಅದಕ್ಕಾಗಿ ಪೊಲೀಸರು ನಮ್ಮ ಮನೆಗೆ ಬರುವುದಿಲ್ಲ.

ಆದರೆ ಮೆಟಲ್‌ಕೋರ್ ಈ ಒಪ್ಪಂದವನ್ನು ತಾನೇ ಹರಿದುಹಾಕಿದ ಕಲೆ. ‘ನಾನು ನಟನಲ್ಲ’ ಎಂದು ಹೇಳಿಯೇ ಅದು ಮೈಕು ಚಾಚಿದ್ದು. ಹಾಗೆ ಹೇಳಿಕೊಂಡು ಬಂದವನು ಸಿಕ್ಕಿಬಿದ್ದಾಗ ‘ಅದು ಬರೀ ಹಾಡು’ ಎನ್ನುವಂತಿಲ್ಲ. ಸುಳ್ಳು ಇರುವುದು ಹಾಡಿನ ಸಾಲಿನಲ್ಲಿ ಅಲ್ಲ, ಹಾಡಿಗೂ ಕೇಳುಗನಿಗೂ ನಡುವೆ ಆದ ಮಾತುಕತೆಯಲ್ಲಿ.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ನೋಡಬೇಕು. ನಂಬಿಕೆ ಬೆಳಿಗ್ಗೆ ಇದ್ದು ಸಂಜೆಗೆ ಹೋಗುವ ವಸ್ತುವಲ್ಲ. ಅದು ತಿಂಗಳುಗಟ್ಟಲೆ ಒಣಗುತ್ತದೆ, ಒಮ್ಮೊಮ್ಮೆ ಮತ್ತೆ ಚಿಗುರುತ್ತದೆ. ಮನಸ್ಸು ನಿಲ್ಲದ ದಿನಗಳಲ್ಲೂ ನಮಾಜಿಗೆ ನಿಲ್ಲುವವರು ನಮ್ಮಲ್ಲಿದ್ದಾರೆ. ಎಂದಾದರೂ ಮನಸ್ಸು ಬಂದು ಸೇರೀತೆಂದು ಅವರು ದೇಹವನ್ನು ಮುಂದೆ ಕಳಿಸಿರುತ್ತಾರೆ. ಅವರನ್ನು ಕಪಟಿಗಳೆನ್ನಲು ನನಗೆ ಬಾಯಿ ಬರುವುದಿಲ್ಲ. ಹಾಗೆಯೇ ಸಂಶಯದ ನಡುವೆ ಹಾಡುತ್ತಿರುವವನು ಹಾಡಿನ ಮೂಲಕವೇ ಕಳೆದದ್ದನ್ನು ಹುಡುಕುತ್ತಿರಬಹುದು. ಹೊರಗಿನಿಂದ ನೋಡಿದರೆ ಇಬ್ಬರೂ ಒಂದೇ. ವ್ಯತ್ಯಾಸ ತಿಳಿಯಲು ಇರುವ ಒರೆಗಲ್ಲು ಬಹುಶಃ ಇಷ್ಟೇ: ನೇರವಾಗಿ ಕೇಳಿದಾಗ ಅವನು ನೇರವಾಗಿ ಹೇಳುತ್ತಾನೆಯೇ? ಅವನ ಮೌನದಿಂದ ಲಾಭ ಯಾರಿಗೆ?

ಇದೇ ಇಕ್ಕಟ್ಟಿನಿಂದ ಬೇರೆ ದಾರಿ ಹುಡುಕಿದವರಿದ್ದಾರೆ. ಮೆಸಚೂಸೆಟ್ಸ್‌ನ ಕಿಲ್‌ಸ್ವಿಚ್ ಎಂಗೇಜ್ ಬ್ಯಾಂಡಿನ ಜೆಸ್ಸಿ ಲೀಚ್ 2002ರಲ್ಲಿ, ಅವರ ‘ಅಲೈವ್ ಆರ್ ಜಸ್ಟ್ ಬ್ರೀದಿಂಗ್’ ಆಲ್ಬಮ್ ಹೊರಬಂದು ಹೆಸರು ಬರುತ್ತಿದ್ದ ಹೊತ್ತಿನಲ್ಲೇ, ಖಿನ್ನತೆಯಿಂದ ಬಳಲಿ ಬ್ಯಾಂಡು ಬಿಟ್ಟ. ಅವನ ಜಾಗಕ್ಕೆ ಹೋವರ್ಡ್ ಜೋನ್ಸ್ ಬಂದ. ಹಾಡುಗಾರ ಬದಲಾದ ಮೇಲೆ 2004ರ ‘ದಿ ಎಂಡ್ ಆಫ್ ಹಾರ್ಟ್‌ಏಕ್’ ಆಲ್ಬಮ್ ಅವರನ್ನು ಇನ್ನೂ ಎತ್ತರಕ್ಕೆ ಒಯ್ದಿತು. ತಾನು ಬಿಟ್ಟ ಮೇಲೆ ಬಂಡಿ ಚಿನ್ನದ ಊರಿಗೆ ಹೋಯಿತೆಂದು ಲೀಚ್ ಕರುಬಬಹುದಿತ್ತು. ಹತ್ತು ವರ್ಷಗಳ ನಂತರ, 2012ರಲ್ಲಿ ಜೋನ್ಸ್ ಬ್ಯಾಂಡನ್ನು ತೊರೆದಾಗ ಲೀಚ್ ಮರಳಿ ಬಂದ. 2019ರ ಒಂದು ಹಾಡಿನಲ್ಲಿ ಇಬ್ಬರೂ ಒಟ್ಟಿಗೆ ಹಾಡಿದರು. ಇಲ್ಲಿ ಧರ್ಮದ ಪ್ರಶ್ನೆ ಇರಲಿಲ್ಲ. ಆದರೆ ಎದೆಯಲ್ಲಿ ಬಲವಿಲ್ಲದಾಗ ಗಂಟಲನ್ನು ಬಾಡಿಗೆಗೆ ಕೊಡುವುದಿಲ್ಲ ಎಂದು ಒಬ್ಬ ನಿರ್ಧರಿಸಿದ. ಅದರ ಬೆಲೆಯನ್ನೂ ತೆತ್ತ.

ಅಂಡರ್‌ಓತ್‌ನದು ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಉದಾಹರಣೆ. 2006ರ ಅವರ ‘ಡಿಫೈನ್ ದ ಗ್ರೇಟ್ ಲೈನ್’ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ಬಂದಿತ್ತು. ಕ್ರೈಸ್ತ ಬ್ಯಾಂಡ್ ಎಂಬ ಹೆಸರೇ ಅವರ ಬಂಡವಾಳ. 2013ರಲ್ಲಿ ಬ್ಯಾಂಡು ಮುಚ್ಚಿತು. ಕೆಲವು ವರ್ಷಗಳ ನಂತರ ಮತ್ತೆ ಕೂಡಿಕೊಂಡು 2018ರಲ್ಲಿ ‘ಇರೇಸ್ ಮಿ’ ಆಲ್ಬಮ್ ತರುವಾಗ, ನಾವಿನ್ನು ಕ್ರೈಸ್ತ ಬ್ಯಾಂಡ್ ಅಲ್ಲ ಎಂದು ಬಹಿರಂಗವಾಗಿ ಹೇಳಿದರು. ಹಳೆಯ ಅಭಿಮಾನಿಗಳಲ್ಲಿ ಹಲವರಿಗೆ ನೋವಾಯಿತು. ಆ ನೋವು ಸಹಜ. ತನ್ನ ಜೊತೆ ನಡೆಯುತ್ತಿದ್ದವನು ಕವಲು ದಾರಿಯಲ್ಲಿ ಬೇರೆಯಾದಾಗ ಯಾರಿಗೂ ಹಾಗೆಯೇ ಆಗುತ್ತದೆ. ಆದರೆ ಅವನು ಕೈ ಬೀಸಿ ಬೇರೆಯಾದ. ಪಕ್ಕದಲ್ಲೇ ನಡೆಯುತ್ತ ಜೇಬಿಗೆ ಕೈ ಹಾಕಲಿಲ್ಲ. ನಂಬಿಕೆ ಇರುವ ನನ್ನಂಥವನಿಗೆ ಅವರ ನಿರ್ಧಾರ ಹಿತವೆನಿಸದಿದ್ದರೂ ಅವರ ಪ್ರಾಮಾಣಿಕತೆಗೆ ಸಲಾಂ ಹೇಳದೆ ವಿಧಿಯಿಲ್ಲ.

ಮಾತನ್ನು ಹಿಡಿದುಕೊಂಡೇ ಬಂದವರೂ ಇದ್ದಾರೆ. ಅರ್ಥ್ ಕ್ರೈಸಿಸ್ 2001ರಲ್ಲಿ ಚದುರಿ 2007ರಲ್ಲಿ ಮತ್ತೆ ಕೂಡಿತು. ಹಾಡಿನ ವಿಷಯ ಬದಲಾಗಲಿಲ್ಲ. ಇವರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಮಾತು ಉಳಿಸಿಕೊಂಡವರ ಬದುಕಿನಲ್ಲಿ ಕಥೆಗಾರನಿಗೆ ಸಿಗುವ ಸಾಮಗ್ರಿ ಕಡಿಮೆ. ಅದು ಅವರ ದೋಷವಲ್ಲ, ಕಥೆಗಾರರ ದೋಷ.

ಈಗ ಬದಿಗಿಟ್ಟ ವಿಷಯಕ್ಕೆ ಬರೋಣ. ಲ್ಯಾಂಬೆಸಿಸ್ 2016ರ ಡಿಸೆಂಬರಿನಲ್ಲಿ ಜೈಲಿನಿಂದ ಹೊರಬಂದ. ಒಂದು ವರ್ಷದ ನಂತರ ಬಹಿರಂಗವಾಗಿ ಕ್ಷಮೆ ಕೋರಿದ. ಅವನು ಜೈಲಿನಲ್ಲಿದ್ದಾಗ ಉಳಿದ ನಾಲ್ವರು ವೋವನ್‌ವಾರ್ ಎಂಬ ಬೇರೆ ಬ್ಯಾಂಡು ಕಟ್ಟಿಕೊಂಡಿದ್ದರು. ಅವರೇ 2018ರಲ್ಲಿ ಅವನನ್ನು ಮತ್ತೆ ಸೇರಿಸಿಕೊಂಡರು. ಕ್ಯಾಮರಾದ ಮುಂದೆ ಒಟ್ಟಿಗೆ ಕೂತು ತಮ್ಮ ಸಿಟ್ಟು, ಸಂಧಾನ ಎಲ್ಲವನ್ನೂ ಮಾತಾಡಿದರು. 2018ರ ಜೂನಿನಲ್ಲಿ ತಮ್ಮ ಊರಿನಲ್ಲೇ ವೇದಿಕೆ ಏರಿದರು. ಜನ ಬಂದರು, ಜೊತೆಗೆ ಹಾಡಿದರು. 2019ರಲ್ಲಿ ‘ಶೇಪ್ಡ್ ಬೈ ಫೈರ್’ ಆಲ್ಬಮ್ ಬಂತು. ಮುಂದಿನ ವರ್ಷಗಳಲ್ಲಿ ಆ ಹಳೆಯ ಸಂಗಾತಿಗಳು ಒಬ್ಬೊಬ್ಬರಾಗಿ ಬಿಟ್ಟರು. 2024ರ ಅಕ್ಟೋಬರಿನಲ್ಲಂತೂ, ಹೊಸ ಆಲ್ಬಮ್ ಬಿಡುಗಡೆಗೆ ಕೆಲವೇ ವಾರಗಳಿರುವಾಗ, ಮೂವರು ಸದಸ್ಯರು ಕೆಲವೇ ದಿನಗಳ ಅಂತರದಲ್ಲಿ ಹೊರನಡೆದರು. ಕಟ್ಟಿದವನೊಬ್ಬ, ಅವನ ಹೆಸರು, ಅಷ್ಟೇ ಉಳಿಯಿತು.

ಶಿಕ್ಷೆ ಅನುಭವಿಸಿ ಬಂದವನಿಗೆ ದುಡಿದು ತಿನ್ನುವ ಹಕ್ಕಿದೆ. ಇದನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಜೈಲಿನಿಂದ ಬಂದವನಿಗೆ ಬಾಡಿಗೆಗೆ ಮನೆ ಸಿಗದ, ಕೆಲಸ ಸಿಗದ ಸಮಾಜ ಅವನನ್ನು ಮತ್ತೆ ಜೈಲಿನ ದಾರಿಗೇ ತಳ್ಳುತ್ತದೆ. ಆದರೆ ವೇದಿಕೆ ಬರೀ ಕೆಲಸವಲ್ಲ. ಅಲ್ಲಿ ಸಂಬಳದ ಜೊತೆಗೆ ಚಪ್ಪಾಳೆಯೂ ಸಿಗುತ್ತದೆ. ತೊಂದರೆ ಶುರುವಾಗುವುದು ಆ ಚಪ್ಪಾಳೆಯನ್ನು ಕ್ಷಮೆಯೆಂದು ತಿಳಿದಾಗ.

ನಮ್ಮ ಮದ್ರಸಗಳಲ್ಲಿ ಮಕ್ಕಳಿಗೆ ಕಲಿಸುವ ಒಂದು ವಿಂಗಡಣೆ ಇಲ್ಲಿ ನೆನಪಾಗುತ್ತದೆ. ದೇವರಿಗೆ ಸಲ್ಲಬೇಕಾದ ಬಾಕಿ ಬೇರೆ, ಮನುಷ್ಯರಿಗೆ ಸಲ್ಲಬೇಕಾದ ಬಾಕಿ ಬೇರೆ. ಎರಡನೆಯದನ್ನು ‘ಹುಕೂಕುಲ್ ಇಬಾದ್’ ಎನ್ನುತ್ತಾರೆ. ತೌಬಾ ಮಾಡಿದರೆ ಮೊದಲನೆಯದನ್ನು ದೇವರು ಮನ್ನಿಸಿಯಾನು. ಎರಡನೆಯದಕ್ಕೆ ಅನ್ಯಾಯಕ್ಕೊಳಗಾದವರ ಬಳಿಗೇ ಹೋಗಬೇಕು. ಧರ್ಮದ ಮಾತು ಬೇಡವೆನ್ನುವವರಿಗೂ ಇದರಲ್ಲಿರುವ ನ್ಯಾಯ ಅರ್ಥವಾಗುತ್ತದೆ. ಸಾಲ ಕೊಟ್ಟವನು ಒಬ್ಬನಿರುವಾಗ ಊರಿನವರೆಲ್ಲ ಸೇರಿ ಸಾಲಗಾರನಿಗೆ ಮನ್ನಾ ಚೀಟಿ ಬರೆದುಕೊಡುವಂತಿಲ್ಲ.

ಸಂಗಾತಿಗಳು ಅವನನ್ನು ಕ್ಷಮಿಸಬಹುದು. ಅವರ ದುಡಿಮೆ ಅವನಿಂದ ಹಾಳಾಗಿತ್ತು, ಅಷ್ಟರ ಮಟ್ಟಿಗೆ ಕ್ಷಮೆ ಅವರದ್ದು. ಅಭಿಮಾನಿಗಳು ಕ್ಷಮಿಸಬಹುದು, ಅವರ ನಂಬಿಕೆಗೆ ಪೆಟ್ಟು ಬಿದ್ದಿತ್ತು, ಅಷ್ಟರ ಮಟ್ಟಿಗೆ ಅವರದ್ದು. ಆದರೆ ಯಾವ ಹೆಂಗಸಿನ ಜೀವಕ್ಕೆ ಲಕೋಟೆಯಲ್ಲಿ ಬೆಲೆ ಕಟ್ಟಲಾಗಿತ್ತೋ ಆಕೆಯ ಪಾಲಿನ ಕ್ಷಮೆ ಆ ಸಭಾಂಗಣದಲ್ಲಿ ಯಾರ ಜೇಬಿನಲ್ಲೂ ಇರಲಿಲ್ಲ. ಅವಳು ಕ್ಷಮಿಸಬೇಕೆಂದು ಕಾಯುವ ಹಕ್ಕೂ ನಮಗಿಲ್ಲ. ಇಂಥ ಮರಳಿ ಬರುವ ಕಥೆಗಳಲ್ಲಿ ನಾಯಕ ಯಾವಾಗಲೂ ತಪ್ಪು ಮಾಡಿದವನೇ ಆಗಿರುತ್ತಾನೆ. ಅವನ ಬೀಳುವಿಕೆ, ಅವನ ಕತ್ತಲೆ, ಅವನ ಬೆಳಕು. ಬದುಕುಳಿದವಳು ಆ ಕಥೆಯಲ್ಲಿ ಒಂದು ಸಾಲಿನ ಪಾತ್ರ. ಪಶ್ಚಾತ್ತಾಪವೇ ಒಂದು ಆಲ್ಬಮಿನ ಸರಕಾದಾಗ, ಹಿಂದೆ ನಂಬಿಕೆಗೆ ಆದದ್ದೇ ಈಗ ಪಶ್ಚಾತ್ತಾಪಕ್ಕೂ ಆಗಬಹುದಲ್ಲವೇ ಎಂಬ ಅನುಮಾನ ನನ್ನನ್ನು ಬಿಡುವುದಿಲ್ಲ. ಅವನ ಪಶ್ಚಾತ್ತಾಪ ಸುಳ್ಳೆಂದು ನಾನು ಹೇಳುತ್ತಿಲ್ಲ. ಅದು ನಿಜವೇ ಆಗಿದ್ದರೂ ಅದರಿಂದಲೇ ಒಲೆ ಉರಿಯತೊಡಗಿದರೆ, ಮೊದಲಿನ ಇಕ್ಕಟ್ಟು ಮತ್ತೆ ಬಾಗಿಲಿಗೆ ಬಂದು ನಿಲ್ಲುತ್ತದೆ.

ಕೊನೆಗೆ ಆ ಕೇಳುಗರ ಮಾತು. ಯಾವುದೋ ಸಣ್ಣ ಊರಿನಲ್ಲಿ, ಮನೆಯಲ್ಲಿ ಮಾತಾಡುವವರಿಲ್ಲದ ಒಬ್ಬ ಹುಡುಗ ಆ ಹಾಡು ಕೇಳಿ ಇನ್ನೊಂದು ದಿನ ಬದುಕಲು ತೀರ್ಮಾನಿಸಿರಬಹುದು. ಇಂಥವರು ಅನೇಕರಿದ್ದಾರೆ ಎಂಬುದನ್ನು ಬ್ಯಾಂಡ್‌ನವರೂ ಬಲ್ಲರು. ಆಗಸ್ಟ್ ಬರ್ನ್ಸ್ ರೆಡ್ ಬ್ಯಾಂಡಿನ ಹಾಡುಗಾರ ಜೇಕ್ ಲೂರ್ಸ್ ಇಂಥ ಯುವಕರ ಮಾನಸಿಕ ನೋವಿಗೆ ಆಸರೆಯಾಗಲೆಂದು ಹಾರ್ಟ್‌ಸಪೋರ್ಟ್ ಎಂಬ ಸೇವಾ ಸಂಸ್ಥೆಯನ್ನೇ ಕಟ್ಟಿದ. ಹಾಡಿದವನು ನಂಬಿರಲಿಲ್ಲ ಎಂದು ಗೊತ್ತಾದ ಮೇಲೆ ಆ ಹುಡುಗನ ಬದುಕೂ ಸುಳ್ಳಾಗುತ್ತದೆಯೇ? ಆಗುವುದಿಲ್ಲ. ಬಾವಿ ತೋಡಿದವನು ಮೋಸಗಾರನಾದರೂ ಬಾಯಾರಿ ಕುಡಿದವನ ದಾಹ ಇಂಗಿದ್ದು ನಿಜ. ಆ ಹುಡುಗ ಯಾರಿಗೂ ಲಜ್ಜೆಪಡಬೇಕಾಗಿಲ್ಲ. ಹಳೆಯ ಟೀ ಶರ್ಟು ಸುಡಬೇಕಾಗಿಯೂ ಇಲ್ಲ. ಅವನು ಕಲಿಯಬೇಕಾದದ್ದು ಒಂದಿದೆ. ತನ್ನ ನಂಬಿಕೆಯನ್ನು ಇನ್ನೊಬ್ಬನ ಗಂಟಲಲ್ಲಿ ಠೇವಣಿ ಇಡಬಾರದು. ಅವನು ಹಾಡುಗಾರನಿರಲಿ, ನಾಯಕನಿರಲಿ, ಪೀರನಿರಲಿ.

ಇನ್ನು ಇಪ್ಪತ್ತನೆಯ ವಯಸ್ಸಿನ ಮಾತನ್ನು ಮೂವತ್ತೈದರಲ್ಲೂ ಮಾರುತ್ತಿರುವವನಿಗೆ ಏನು ಹೇಳುವುದು? ಬದಲಾಗುವ ಹಕ್ಕು ಅವನಿಗಿದೆ. ಸಂಶಯಪಡುವ ಹಕ್ಕಿದೆ, ಸ್ವಲ್ಪ ಕಾಲ ಸುಮ್ಮನಿರುವ ಹಕ್ಕೂ ಇದೆ. ಆದರೆ ಎದುರಿಗೆ ಚಾಚಿದ ಮೈಕಿನಲ್ಲಿ ಒಬ್ಬ ಹುಡುಗ ಕಣ್ಣು ಮುಚ್ಚಿ ತನ್ನ ಜೊತೆ ಹಾಡುತ್ತಿರುವಾಗ, ಇವನು ನನ್ನನ್ನು ನಂಬಿದ್ದಾನೆ ಎಂಬುದು ಅವನಿಗೆ ಗೊತ್ತಿರುತ್ತದೆ. ಅವನ ಹಕ್ಕುಗಳು ಕೊನೆಗೊಳ್ಳುವುದು ಅಲ್ಲಿ. ಐದು ಮನೆಗಳ ಬಾಡಿಗೆ ದೊಡ್ಡ ಹೊರೆ, ನಿಜ. ಅದನ್ನು ಆ ಹುಡುಗನ ಹೆಗಲ ಮೇಲೆ, ಅವನಿಗೆ ಹೇಳದೆ ಇಡುವುದು ನ್ಯಾಯವಲ್ಲ.